ಏಳನೇ ನಂಬರಿನ ನಡುಕ

ಸೊಸೆ: ಮಾವ, ನಿಜ ಹೇಳಿಬಿಡಿ. ಬೆಳಿಗ್ಗೆ ಏಳನೇ ನಂಬರಿಗೆ ಏನು ಮಾಡಿದ್ರಿ?

ಮಾವ: ನಾನಾ? ಏನೂ ಮಾಡಿಲ್ಲ.

ಸೊಸೆ: ಮತ್ತೆ ಮೊಣಕೈ ತನಕ ಗ್ರೀಸು?

ಮಾವ: ಇದಾ? ನಿನ್ನೇದು.

ಸೊಸೆ: ನಿನ್ನೇದಾಗಿದ್ರೆ ಅತ್ತೆ ನಿಮ್ಮನ್ನ ಊಟಕ್ಕೇ ಕೂರಿಸ್ತಿರ್ಲಿಲ್ಲ.

ಮಾವ: ಒಂಚೂರು ಕೈಯಾಡಿಸಿದೆ ಕಣಮ್ಮ, ಅಷ್ಟೆ.

ಸೊಸೆ: ಒಂಚೂರು ಅಂದ್ರೆ ಎಷ್ಟು?

ಮಾವ: ಬೆಲ್ಟು ಬದಲಾಯಿಸಿದೆ. ಬೇರಿಂಗಿಗೆ ಗ್ರೀಸು ತುಂಬಿದೆ. ಬೋಲ್ಟೆಲ್ಲ ಬಿಗಿ ಮಾಡಿದೆ. ನಾಲ್ಕು ಕಾಲಿನಡಿ ಹಳೇ ರಬ್ಬರು ಕಿತ್ತು ಹೊಸದು ಕೂರಿಸಿದೆ. ಇಷ್ಟೇ.

ಸೊಸೆ: ಇಷ್ಟೇ! ಇನ್ನೇನು ಉಳೀತು, ಬಣ್ಣ ಹೊಡೆಯೋದಾ?

ಮಾವ: ಹೊಡೀತಿದ್ದೆ. ಒಣಗೋಕೆ ಟೈಮಿರ್ಲಿಲ್ಲ.

ಸೊಸೆ ಹಣೆಗೆ ಕೈ ಹಚ್ಚಿಕೊಂಡಳು. ಗೋಡೆಯ ಗಡಿಯಾರದಲ್ಲಿ ಹತ್ತೂ ಹತ್ತು. ಹನ್ನೊಂದಕ್ಕೆ ಲಾಂಡ್ರಿಯ ಯಜಮಾನಮ್ಮ ಬರುತ್ತಾರೆ.

ಅದೊಂದು ದೊಡ್ಡ ಲಾಂಡ್ರಿ. ಆಸ್ಪತ್ರೆಗಳ ಚಾದರ, ಹೋಟೆಲುಗಳ ಟವೆಲು ಮೂಟೆಮೂಟೆಯಾಗಿ ಬಂದು ಬೀಳುವ ಜಾಗ. ಉದ್ದನೆಯ ಕೋಣೆಯಲ್ಲಿ ಎರಡು ಸಾಲು, ಸಾಲಿಗೆ ಆರರಂತೆ ಹನ್ನೆರಡು ಒಗೆಯುವ ಯಂತ್ರಗಳು. ಹಬೆಗೆ ಕಿಟಕಿಯ ಗಾಜು ಸದಾ ಬೆವರುತ್ತಿರುತ್ತದೆ. ಮಾವ ಇಲ್ಲಿ ಮೂವತ್ತಾರು ವರ್ಷದಿಂದ ಮೇಸ್ತ್ರಿ. ಕೋಣೆಯ ಆ ತುದಿಯ ಬಾಗಿಲಾಚೆ ಇಸ್ತ್ರಿ ವಿಭಾಗ. ಅಲ್ಲಿ ಅತ್ತೆಯದೇ ಆಳ್ವಿಕೆ. ಮಾವ ಕೂರುವ ಸ್ಟೂಲನ್ನು ಇಸ್ತ್ರಿಯವರು ಮೂರು ಸಲ ಎತ್ತಿಕೊಂಡು ಹೋದ ಮೇಲೆ, ಅವರು ಹಳೆಯ ಟ್ರಾಕ್ಟರೊಂದರ ಕಬ್ಬಿಣದ ಸೀಟು ತಂದು ಏಳನೇ ನಂಬರಿನ ಚೌಕಟ್ಟಿಗೇ ವೆಲ್ಡಿಂಗ್ ಮಾಡಿಬಿಟ್ಟಿದ್ದರು. "ಬೇಕಾದ್ರೆ ಯಂತ್ರದ ಸಮೇತ ಎತ್ತಿಕೊಂಡು ಹೋಗ್ಲಿ" ಎನ್ನುವುದು ಅವರ ವಾದ.

ಆ ಸೀಟಿನ ಹಿಂದೆ ಒಂದು ಗೇಣು ದೂರದಲ್ಲಿ, ಚೌಕಟ್ಟಿಗೆ ಅಂಟಿಕೊಂಡು, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದಿತ್ತು. ಸೊಸೆಯ ಜೀವ ಇದ್ದದ್ದು ಅದರಲ್ಲಿ. ಅವಳು ಅಳತೆ ಉಪಕರಣಗಳನ್ನು ಮಾಡುವ ಸಣ್ಣ ಕಾರ್ಖಾನೆಯಲ್ಲಿ ಇಂಜಿನಿಯರು; ಡಬ್ಬಿಯನ್ನು ಕೈಯಾರೆ ಕಟ್ಟಿದ್ದಳು. ಅದಕ್ಕೆ ಬ್ಯಾಟರಿ ಇಲ್ಲ, ಹೊರಗಿನಿಂದ ಬರುವ ತಂತಿಯೂ ಇಲ್ಲ. ಒಳಗೊಂದು ತೆಳ್ಳನೆಯ ಉಕ್ಕಿನ ಪಟ್ಟಿ, ಅದರ ತುದಿಯಲ್ಲೊಂದು ಅಯಸ್ಕಾಂತ. ಯಂತ್ರ ನಡುಗಿದರೆ ಪಟ್ಟಿ ಕುಣಿಯುತ್ತದೆ, ಅಯಸ್ಕಾಂತ ತಂತಿಯ ಸುರುಳಿಯೊಳಗೆ ಓಡಾಡುತ್ತದೆ, ವಿದ್ಯುತ್ತು ತೊಟ್ಟು ತೊಟ್ಟಾಗಿ ಸೇರುತ್ತದೆ. ಸಾಕಷ್ಟು ತುಂಬಿದ ಕೂಡಲೇ ಡಬ್ಬಿ ಗಾಳಿಯಲ್ಲೇ ಒಂದು ಸಂದೇಶವನ್ನು ಅವಳ ಫೋನಿಗೆ ಎಸೆದು ಮತ್ತೆ ಬರಿಗೈಯಾಗಿ ಕೂರುತ್ತದೆ. ಫೋನು 'ಟಿಂಗ್' ಎನ್ನುತ್ತದೆ. ನಡುಕ ಹೆಚ್ಚಿದಷ್ಟೂ ಟಿಂಗ್ ಬೇಗ ಬೇಗ. ಯಂತ್ರ ಹದಗೆಡುವುದು ಮೊದಲು ನಡುಕದಲ್ಲೇ ತಿಳಿಯುವುದರಿಂದ, ಟಿಂಗ್‌ಗಳ ನಡುವಿನ ಅಂತರವನ್ನು ನೋಡಿದರೆ ಯಂತ್ರದ ನಾಡಿ ಹಿಡಿದಂತೆಯೇ. ಇಪ್ಪತ್ತು ದಿನಗಳಿಂದ ಡಬ್ಬಿ ಹತ್ತು ಸೆಕೆಂಡಿಗೊಮ್ಮೆ ಟಿಂಗ್ ಎಂದು ಶಿಸ್ತಾಗಿ ಪಾಠ ಒಪ್ಪಿಸುತ್ತಿತ್ತು. ಇವತ್ತು ಇನ್ನೂ ತುಟಿ ಬಿಚ್ಚಿಲ್ಲ.

ಸೊಸೆ: ಮಾವ, ನನ್ನ ಡಬ್ಬಿಗೆ ನಡುಕವೇ ಊಟ. ನೀವು ನಡುಕ ಪೂರ್ತಿ ನಿಲ್ಲಿಸಿಬಿಟ್ರಿ. ಅದು ಹೊಟ್ಟೆಗಿಲ್ಲದೆ ಕೂತಿದೆ!

ಮಾವ: ಅಮ್ಮಾವ್ರು ನಿನ್ನ ಡಬ್ಬಿ ನೋಡೋಕೆ ಬರ್ತಾರೆ ಅಂತ ನೀನೇ ಹೇಳಿದ್ದು. ಮನೆಗೆ ಜನ ಬರ್ತಾರೆ ಅಂದ್ರೆ ಅಂಗಳ ಗುಡಿಸಲ್ವಾ? ಯಂತ್ರ ಗಡಗಡ ಅಂತಿದ್ರೆ ನಿನಗೇ ಅವಮಾನ ಅಲ್ವಾ?

ಸೊಸೆ: ಅದು ಗಡಗಡ ಅಂದ್ರೇ ನನಗೆ ಮಾನ!

ಮಾವ: ಹಾಗಾದ್ರೆ ಯಂತ್ರ ಕೆಟ್ಟಿದ್ರೇನೇ ನಿನ್ನ ಡಬ್ಬಿ ಬದುಕೋದು. ರೋಗಿಗೆ ವಾಸಿಯಾದ್ರೆ ಉಪವಾಸ ಬೀಳೋ ಡಾಕ್ಟ್ರು ಇದ್ದ ಹಾಗೆ.

ಸೊಸೆ: ಪೂರ್ತಿ ಕೆಡಬೇಕಾಗಿಲ್ಲ. ಸ್ವಲ್ಪ ನಡುಗಿದ್ರೆ ಸಾಕು. ನಡುಗದೇ ಇರೋ ಯಂತ್ರ ಭೂಮಿ ಮೇಲೆ ಎಲ್ಲಿದೆ?

ಮಾವ: ಇಲ್ಲಿದೆ.

ಮಾವ ಜೇಬಿನಿಂದ ನಾಣ್ಯವೊಂದನ್ನು ತೆಗೆದರು. ಏಳನೇ ನಂಬರಿನ ಗುಂಡಿ ಒತ್ತಿ ಖಾಲಿ ಡ್ರಮ್ಮನ್ನು ಪೂರ್ತಿ ವೇಗಕ್ಕೆ ತಿರುಗಿಸಿದರು. ತಿರುಗುವ ಯಂತ್ರದ ಚೌಕಟ್ಟಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಕೈ ಬಿಟ್ಟರು. ನಾಣ್ಯ ನಿಂತೇ ಇತ್ತು, ಶಾಲೆಯಲ್ಲಿ ಹೆಸರು ಕರೆದಾಗ ಎದ್ದುನಿಂತ ಮಗುವಿನ ಹಾಗೆ.

ಮಾವ: ನೋಡು! ಮೂವತ್ತಾರು ವರ್ಷದ ಕೈ ಇದು.

ಸೊಸೆ: (ಅಳು ನುಂಗಿಕೊಂಡು) ನೋಡಿದೆ. ಚೆನ್ನಾಗಿದೆ. ಮಾವ, ಇದು ನಾನು ಮಾಡಿದ ಐದನೇ ಡಬ್ಬಿ. ಮೊದಲ ನಾಲ್ಕು ನಮ್ಮ ಕಾರ್ಖಾನೆ ಕಪಾಟಲ್ಲಿ ಧೂಳು ತಿಂತಿವೆ. ಇವತ್ತು ಅಮ್ಮಾವ್ರು ಒಪ್ಪಲಿಲ್ಲ ಅಂದ್ರೆ ಇದೂ ಅಲ್ಲಿಗೇ. ಆಮೇಲೆ ನಾನು ತಕ್ಕಡಿ ರಿಪೇರಿ ವಿಭಾಗಕ್ಕೆ. ನಮ್ಮ ಸಾಹೇಬ್ರು ಮೇಜು ಕೂಡ ತೋರಿಸಿಟ್ಟಿದ್ದಾರೆ. ಕಿಟಕಿ ಪಕ್ಕ, ಗಾಳಿ ಬೆಳಕು ಚೆನ್ನಾಗಿದೆ ಅಂತ ಸಮಾಧಾನ ಬೇರೆ ಹೇಳಿದ್ರು.

ಮಾವನ ಮುಖ ಇಳಿಯಿತು. ಅವರು ಬೆಳಕು ಹರಿಯುವ ಮೊದಲೇ ಬಂದು ಮೈ ಮುರಿದು ದುಡಿದದ್ದು ಸೊಸೆಗೆ ಒಳ್ಳೆಯದಾಗಲಿ ಎಂದೇ. ಈಗ ನೋಡಿದರೆ ಒಲೆ ಒರೆಸಲು ಹೋಗಿ ಬೆಂಕಿಯನ್ನೇ ಆರಿಸಿದ ಹಾಗಾಗಿತ್ತು.

ಮಾವ: ಹಳೇ ರಬ್ಬರು ವಾಪಸ್ ಹಾಕೋಣ ಅಂದ್ರೆ, ಕಸದ ಗಾಡಿ ಬಂದು ಹೋಯ್ತು.

ಸೊಸೆ: ಒಂದು ಬೋಲ್ಟು ಸಡಿಲ ಮಾಡ್ತೀರಾ? ಒಂದೇ ಒಂದು. ಒಂದು ಗಂಟೆ ಮಟ್ಟಿಗೆ.

ಮಾವ ಸ್ಪ್ಯಾನರ್ ತೆಗೆದುಕೊಂಡರು. ಬೋಲ್ಟಿಗೆ ಹಚ್ಚಿದರು. ಕೈ ನಿಂತಿತು. ಇನ್ನೊಮ್ಮೆ ಹಚ್ಚಿದರು. ಕಣ್ಣು ಮುಚ್ಚಿಕೊಂಡೂ ಪ್ರಯತ್ನಿಸಿದರು.

ಮಾವ: ಆಗಲ್ಲ ಕಣಮ್ಮ. ಈ ಕೈಗೆ ಆ ದಿಕ್ಕು ಅಭ್ಯಾಸವಿಲ್ಲ.

ಸೊಸೆ: ಬಿಡಿ ಮಾವ. ನಾನು ಕೇಳಿದ್ದೇ ತಪ್ಪು.

ಯಂತ್ರ ಮೆಲ್ಲನೆ ಗುನುಗುತ್ತಿತ್ತು. ಮಾವ ನಾಣ್ಯ ಎತ್ತಿ ಜೇಬಿಗೆ ಹಾಕಿಕೊಂಡು ತಮ್ಮ ಟ್ರಾಕ್ಟರ್ ಸೀಟಿನ ಮೇಲೆ ಕುಸಿದು, ತಲೆ ತಗ್ಗಿಸಿಕೊಂಡರು.

ಟಿಂಗ್.

ಸೊಸೆ: ಬಂತು! ಮಾವ, ಬಂತು!

ಟಿಂಗ್. ಟಿಂಗ್.

ಮಾವ: ನಾನು ಹೇಳ್ಲಿಲ್ವಾ? ಹೊಸ ರಬ್ಬರು, ಒಗ್ಗಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು.

ಸೊಸೆ: ಇರಿ ಇರಿ. ಇದೇನಿದು, ನಾಲ್ಕು ಸೆಕೆಂಡಿಗೊಂದು ಬರ್ತಿದೆ! ಇಪ್ಪತ್ತು ದಿನದಲ್ಲಿ ಒಂದು ದಿನವೂ ಇಷ್ಟು ಜೋರಾಗಿರ್ಲಿಲ್ಲ. ಮಾವ, ಏನೋ ಎಡವಟ್ಟಾಗಿದೆ. ಯಂತ್ರ ಮುಂಚೆಗಿಂತ ಎರಡೂವರೆ ಪಟ್ಟು ಕೆಟ್ಟಿದೆ.

ಮಾವ: (ಧಡಕ್ಕನೆ ಎದ್ದು) ಯಾರು ಕೆಡಿಸಿದ್ದು? ನಾನಾ?

ಟಿಂಗ್ ನಿಂತಿತು.

ಸೊಸೆ: ಈಗ ನಿಂತ್ಹೋಯ್ತು.

ಮಾವ: ನಿಲ್ಲದೆ ಏನು ಮಾಡುತ್ತೆ, ಸುಳ್ಳು ಹೇಳಿ ಸಿಕ್ಕಿಬಿತ್ತು. ಗದರಿದ ತಕ್ಷಣ ಬಾಯಿ ಮುಚ್ಚಿಕೊಳ್ತು ನೋಡು.

ಸೊಸೆ: ಸೆನ್ಸರು ಸುಳ್ಳು ಹೇಳಲ್ಲ ಮಾವ. ಅದಕ್ಕೆ ಅಷ್ಟು ಬುದ್ಧಿ ಕೊಟ್ಟಿಲ್ಲ ನಾನು.

ಮಾವ: ನನ್ನ ನಾಣ್ಯವೂ ಸುಳ್ಳು ಹೇಳಲ್ಲ. ನೋಡು ಮತ್ತೆ.

ನಾಣ್ಯ ನಿಲ್ಲಿಸಿದರು. ನಿಂತಿತು. ಮಾವ ಗೆದ್ದವರ ಗತ್ತಿನಲ್ಲಿ ಹಿಂದೆ ಸರಿದು, ಸೀಟಿನ ಮೇಲೆ ಕೂತು, ಕೈ ಕಟ್ಟಿಕೊಂಡರು. ನಾಣ್ಯ ಒಮ್ಮೆ ಅದುರಿತು, ಓಲಾಡಿತು, ಕೆಳಗೆ ಬಿದ್ದು ಎಂಟನೇ ನಂಬರಿನ ಅಡಿಗೆ ಉರುಳಿತು.

ಟಿಂಗ್. ಟಿಂಗ್.

ಸೊಸೆ: ಇದಕ್ಕೇನಂತೀರಿ?

ಮಾವ: ನಿನ್ನ ಡಬ್ಬಿ ಅದಕ್ಕೂ ಚಾಡಿ ಹೇಳ್ಕೊಟ್ಟಿದೆ.

ಸೊಸೆ: ಯಂತ್ರ ಆಫ್ ಮಾಡಿ ಮಾವ. ಕ್ರಮವಾಗಿ ನೋಡೋಣ.

'ಕ್ರಮವಾಗಿ' ಎನ್ನುವುದು ಸೊಸೆಯ ಮೆಚ್ಚಿನ ಮಾತು. ಮದುವೆಯಾದ ವಾರದಲ್ಲೇ ಮನೆಯ ಹದಿನೇಳು ಬೀಗದ ಕೈಗಳಿಗೆ ಕ್ರಮವಾಗಿ ಚೀಟಿ ಅಂಟಿಸಿದವಳು ಅವಳು. ಅದರಲ್ಲಿ ಒಂಬತ್ತಕ್ಕೆ ಬೀಗವೇ ಇಲ್ಲವೆಂಬುದು ಆಮೇಲೆ ತಿಳಿಯಿತು. ಮಾವ ಎದ್ದು ಗುಂಡಿ ಒತ್ತಿದರು. ಡ್ರಮ್ಮು ನಿಧಾನವಾಗಿ ನಿಂತಿತು. ಫೋನೂ ಮೌನ.

ಸೊಸೆ: ಸರಿ. ಯಂತ್ರ ನಿಂತಿದೆ, ನಡುಕವಿಲ್ಲ, ಸಂದೇಶವೂ ಇಲ್ಲ. ಇಲ್ಲೀವರೆಗೆ ವಿಜ್ಞಾನ ಸರಿಯಾಗಿದೆ.

ಮಾವ: ವಿಜ್ಞಾನ ಸರಿಯಾಗಿದ್ರೆ ನಾನು ಎರಡು ನಿಮಿಷ ಕೂತ್ಕೊಳ್ಲಾ? ಬೆಳಗಿನಿಂದ ನಿಂತೇ ಇದ್ದೀನಿ.

ಸೊಸೆ: ಕೂತ್ಕೊಳ್ಳಿ ಮಾವ, ಪಾಪ.

ಟಿಂಗ್.

ಇಬ್ಬರೂ ಯಂತ್ರವನ್ನು ನೋಡಿದರು. ಯಂತ್ರ ಕಲ್ಲಿನ ಹಾಗೆ ನಿಂತಿತ್ತು.

ಟಿಂಗ್.

ಮಾವ: (ದನಿ ತಗ್ಗಿಸಿ) ನಿಂತಿರೋ ಯಂತ್ರ ನಡುಗ್ತಿದ್ಯಾ?

ಸೊಸೆ: ಹೊರಗಿನ ನಡುಕ ಇರಬೇಕು. ಪಕ್ಕದ ಯಂತ್ರದಿಂದ ನೆಲದಲ್ಲಿ ಹರಿದು ಬರುತ್ತೆ. ಎಂಟನೇದನ್ನ ನಿಲ್ಲಿಸಿ ನೋಡೋಣ.

ಮಾವ ಎದ್ದು ಹೋಗಿ ಎಂಟನೆಯದನ್ನು ನಿಲ್ಲಿಸಿದರು. ಮೌನ.

ಸೊಸೆ: ಹಾಂ! ಎಂಟನೇದೇ ಕಳ್ಳ!

ಮಾವ: ನನಗೆ ಮೊದಲಿಂದ್ಲೂ ಅನುಮಾನ ಇತ್ತು. ಅದರ ಮುಖವೇ ಸರಿಯಿಲ್ಲ.

ಮಾವ ವಾಪಸ್ ಬಂದು ಕೂತರು. ಟಿಂಗ್.

ಸೊಸೆ: ಅಲ್ಲ, ಒಂಬತ್ತನೇದು.

ಮಾವ ಎದ್ದರು, ಒಂಬತ್ತನೆಯದನ್ನು ನಿಲ್ಲಿಸಿದರು. ಮೌನ. ಬಂದು ಕೂತರು. ಟಿಂಗ್. ಹತ್ತನೆಯದು ನಿಂತಿತು. ಹನ್ನೊಂದನೆಯದು ನಿಂತಿತು. ಪ್ರತಿ ಸಲವೂ ಕಳ್ಳ ಸಿಕ್ಕಂತೆ ಆಗುವುದು, ಮಾವ ಬಂದು ಕೂರುವಷ್ಟರಲ್ಲಿ ಬೇಲಿ ಹಾರಿ ಓಡಿಹೋಗುವುದು. ಸೊಸೆ ಪುಸ್ತಕದಲ್ಲಿ ಒಂದೊಂದರ ಮುಂದೆ ಅಚ್ಚುಕಟ್ಟಾಗಿ ತಪ್ಪು ಗುರುತು ಹಾಕುತ್ತಿದ್ದಳು. ಹನ್ನೆರಡನೆಯದೂ ನಿಂತು ಆ ಸಾಲು ಪೂರ್ತಿ ಸ್ತಬ್ಧವಾದಾಗ ಗಂಟೆ ಹತ್ತೂ ಐವತ್ತು. ಇಸ್ತ್ರಿ ವಿಭಾಗದ ಬಾಗಿಲು ಧಡಾರನೆ ತೆರೆಯಿತು.

ಅತ್ತೆ: ರೀ! ಏನು ನಡೀತಿದೆ ಇಲ್ಲಿ? ಹತ್ತು ಜನ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ಗಾಳಿಗೆ ಇಸ್ತ್ರಿ ಹಾಕ್ತಿದ್ದೀವಿ. ಬಟ್ಟೆ ಎಲ್ಲಿ?

ಮಾವ: ಸ್ವಲ್ಪ ತಡಿಯೇ. ಇಲ್ಲೊಂದು ದೊಡ್ಡ ಶೋಧನೆ ನಡೀತಿದೆ.

ಸೊಸೆ: ಅತ್ತೆ, ಯಂತ್ರ ನಿಂತಿದೆ, ಆದ್ರೂ ನಡುಕ ಬರ್ತಿದೆ. ಸೆಕೆಂಡಿಗೆ ಐದು ಸಲ, ನನ್ನ ಪಟ್ಟಿ ಕುಣಿಯೋದು ಆ ನಡುಕಕ್ಕೇ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಇನ್ನು ಆ ಕಡೆ ಸಾಲು, ನೀರಿನ ಪಂಪು ಉಳಿದಿವೆ, ಆಮೇಲೆ ರಸ್ತೆ.

ಟಿಂಗ್. ಟಿಂಗ್. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸೊಸೆಯನ್ನು ನೋಡಿದರು. ಡಬ್ಬಿಯನ್ನು ನೋಡಿದರು. ಸೀಟಿನ ಮೇಲೆ ಕೂತಿದ್ದ ಗಂಡನನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಒಂದು ಕಡೆ ದೃಷ್ಟಿ ನಿಲ್ಲಿಸಿದರು. ನಾಲ್ಕು ಹೆಜ್ಜೆ ಬಂದು ಗಂಡನ ಬಲ ಮಂಡಿಯ ಮೇಲೆ ಅಂಗೈ ಊರಿದರು.

ಮೌನ.

ಕೈ ಎತ್ತಿದರು.

ಟಿಂಗ್.

ಮತ್ತೆ ಊರಿದರು. ಮೌನ.

ಅತ್ತೆ: ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಐದು ಸಲವೋ ಆರು ಸಲವೋ ನಾನು ಎಣಿಸಿಲ್ಲಮ್ಮ. ಮೂವತ್ತೈದು ವರ್ಷದಿಂದ 'ಕಾಲು ಅಲ್ಲಾಡಿಸಬೇಡಿ, ಕಾಲು ಅಲ್ಲಾಡಿಸಬೇಡಿ' ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಮಾವ: ನಾನೆಲ್ಲಿ ಅಲ್ಲಾಡಿಸ್ತೀನಿ?

ಅತ್ತೆ: ನೀವು ಅಲ್ಲಾಡಿಸಲ್ಲ. ಕಾಲೇ ಅಲ್ಲಾಡುತ್ತೆ. ನಿಮಗೆ ಅದು ವರದಿ ಒಪ್ಪಿಸಲ್ಲ, ಅಷ್ಟೆ.

ಸೊಸೆ: ಇಲ್ಲ ಅತ್ತೆ, ಹಾಗಿರಲಿಕ್ಕಿಲ್ಲ. ನಾಲ್ಕು ವರ್ಷದಿಂದ ಒಂದೇ ಮನೇಲಿದ್ದೀನಿ, ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ?

ಅತ್ತೆ: ಊಟಕ್ಕೆ ಕೂತಾಗ ಲೋಟದಲ್ಲಿ ನೀರು ಕುಣೀತಿರುತ್ತಲ್ಲ, ಅದು ಕಣ್ಣಿಗೆ ಬಿದ್ದಿಲ್ವಾ?

ಸೊಸೆ: ಬಿದ್ದಿದೆ. ರಸ್ತೇಲಿ ಲಾರಿ ಹೋಗ್ತಿದೆ ಅಂದ್ಕೊಂಡಿದ್ದೆ.

ಅತ್ತೆ: ನಾಲ್ಕು ವರ್ಷವೂ ಒಂದೇ ಲಾರಿನಾ?

ಸೊಸೆಯ ಕೈಯಲ್ಲಿದ್ದ ಪೆನ್ನು ಜಾರಿತು. ತಲೆಯೊಳಗೆ ಇಪ್ಪತ್ತು ದಿನದ ಲೆಕ್ಕ ಹಿಂದುಮುಂದಾಗಿ ತಿರುಗತೊಡಗಿತು. ಡಬ್ಬಿ ಕೂರಿಸುವ ಮೊದಲು ಯಂತ್ರ ಎಷ್ಟು ನಡುಗುತ್ತದೆಂದು ಅಳೆಯಲು ಬಂದ ದಿನ ಮಾವ ಈ ಸೀಟಿನ ಮೇಲೆ ಕೂತು ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದರು. ಡ್ರಮ್ಮು ಸೆಕೆಂಡಿಗೆ ಹದಿನೈದು ಸುತ್ತು ತಿರುಗುತ್ತದೆ. ನಡುಕವೂ ಹದಿನೈದೇ ಇರಬೇಕಿತ್ತು. ಅಳತೆಯಲ್ಲಿ ಐದು ಬಂದಿತ್ತು. ಐದೇ ಏಕೆಂದು ಅವಳು ಮೂರು ದಿನ ಯೋಚಿಸಿ, ಹಳೆಯ ಚೌಕಟ್ಟುಗಳ ಸ್ವಭಾವದ ಬಗ್ಗೆ ಮೂರು ಪುಟ ಬರೆದು, ಪಟ್ಟಿಯನ್ನು ಸರಿಯಾಗಿ ಐದಕ್ಕೇ ಕುಣಿಯುವಂತೆ ಹದಗೊಳಿಸಿದ್ದಳು.

ಸೊಸೆ: ಹಾಗಾದ್ರೆ ನಾನು ಅಳೆದಿದ್ದು ಯಂತ್ರಾನಲ್ಲ, ಮಾವನ್ನ.

ಮಾವ: ಹೇಗೆ ಬಂದಿದೆ? ನಾನು ಚೆನ್ನಾಗಿ ಓಡ್ತಿದ್ದೀನಾ?

ಸೊಸೆ: ತಮಾಷೆ ಬೇಡ ಮಾವ. ಅತ್ತೆ, ಗುರುವಾರ ಬಟ್ಟೆ ಕಡಿಮೆ ಅಲ್ವಾ? ಪ್ರತಿ ಗುರುವಾರ ಡಬ್ಬಿ ಸುಮ್ಮನಿತ್ತು. 'ಕೆಲಸ ಕಡಿಮೆ' ಅಂತ ವರದೀಲಿ ಬರೆದಿದ್ದೀನಿ.

ಅತ್ತೆ: ಗುರುವಾರ ಕಡಿಮೇನಾ? ಗುರುವಾರ ಆಸ್ಪತ್ರೆ ಚಾದರ ಎಲ್ಲ ಒಟ್ಟಿಗೆ ಬರುತ್ತೆ. ನನ್ನ ಸೊಂಟ ಬಿದ್ಹೋಗುತ್ತೆ ಅವತ್ತು. ಗುರುವಾರ ಕೆಲಸ ಇಲ್ದಿರೋದು ಒಬ್ರಿಗೇ, ಇಗೋ ಇವ್ರಿಗೆ. ವಾರದ ರಜ.

ಸೊಸೆ ಪಕ್ಕದಲ್ಲಿದ್ದ ಬಟ್ಟೆ ಮೂಟೆಯ ಮೇಲೆ ಕೂತುಬಿಟ್ಟಳು. ಗಂಟೆ ಹತ್ತೂ ಐವತ್ತೈದು. ಮಾವನಿಗೆ ಅವಳ ಮುಖ ನೋಡಲಾಗಲಿಲ್ಲ. ಅಪರಾಧಿ ಮಂಡಿಯನ್ನು ಎರಡು ಕೈಯಲ್ಲೂ ಅದುಮಿ ಹಿಡಿದುಕೊಂಡಿದ್ದವರು, ಮೆಲ್ಲನೆ ಕೈ ಸಡಿಲಿಸಿದರು.

ಮಾವ: ಒಂದು ಮಾತು ಹೇಳ್ಲಾ? ಅಮ್ಮಾವ್ರು ಬರ್ಲಿ. ನಾನು ಇಲ್ಲೇ ಕೂತಿರ್ತೀನಿ. ನಿನಗೆ ಎಷ್ಟಕ್ಕೆ ಬೇಕೋ ಹೇಳು. ಹತ್ತು ಸೆಕೆಂಡಿಗೊಂದಾ? ಹೊಸ ರಬ್ಬರು ಮೆತ್ತಗಿದೆ, ನಾಲ್ಕಕ್ಕೂ ಕೊಡ್ತೀನಿ.

ಅತ್ತೆ: ಥೂ, ವಯಸ್ಸಿಗೆ ತಕ್ಕ ಮಾತಾಡಿ.

ಮಾವ: ಬೋಲ್ಟು ಸಡಿಲ ಮಾಡೋಕೆ ನನ್ನ ಕೈ ಒಪ್ಪಲಿಲ್ಲ. ಕಾಲು ಒಪ್ಪುತ್ತೆ ಕಣೇ. ಮಗೂ, ನಿನ್ನನ್ನ ತಕ್ಕಡಿ ರಿಪೇರಿಗೆ ಕಳಿಸಲ್ಲ ನಾನು.

ಸೊಸೆ ತಲೆ ಎತ್ತಿದಳು. ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳ ಕಣ್ಣು ಗಡಿಯಾರದಿಂದ ಮಂಡಿಗೆ, ಮಂಡಿಯಿಂದ ಡಬ್ಬಿಗೆ ಹೋಗಿ ಬಂತು. ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡಳು.

ಸೊಸೆ: ಬೇಡ ಮಾವ. ಅಮ್ಮಾವ್ರು ನಂಬಿ ಹನ್ನೆರಡು ಯಂತ್ರಕ್ಕೆ ಹಾಕಿಸ್ತಾರೆ ಅಂದ್ಕೊಳ್ಳಿ. ನಿಮ್ಮ ಹತ್ರ ಇರೋದು ಎರಡೇ ಕಾಲು.

ಹನ್ನೊಂದಕ್ಕೆ ಸರಿಯಾಗಿ ಯಜಮಾನಮ್ಮ ಬಂದರು. ಸಣ್ಣ ಮೈಕಟ್ಟು, ದೊಡ್ಡ ಕನ್ನಡಕ. ಬಾಗಿಲಲ್ಲೇ ನಿಂತು, ಸತ್ತಂತೆ ಬಿದ್ದಿದ್ದ ಸಾಲನ್ನು ನೋಡಿದರು.

ಯಜಮಾನಮ್ಮ: ಮೇಸ್ತ್ರಿಗಳೇ, ಆರು ಯಂತ್ರ ನಿಂತಿವೆ. ಸೆನ್ಸರು ಏನಂತು?

ಮಾವ: ಅದು... ಅದೂ ನಮ್ಮ ಜೊತೆ ಯೋಚನೆ ಮಾಡ್ತಿದೆ ಅಮ್ಮಾವ್ರೆ.

ಸೊಸೆ: ಅಮ್ಮಾವ್ರೆ, ನಾನು ಹೇಳ್ತೀನಿ. ಈ ಇಪ್ಪತ್ತು ದಿನದ ಅಂಕಿ ಏಳನೇ ನಂಬರಿನದ್ದಲ್ಲ. ನಮ್ಮ ಮಾವನ ಕಾಲಿನದ್ದು.

ಯಜಮಾನಮ್ಮ: ಮೇಸ್ತ್ರಿಗಳ ಕಾಲಿಗೂ ಸೆನ್ಸರು ಹಾಕಿದ್ರಾ?

ಸೊಸೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಸೀಟು, ವೆಲ್ಡಿಂಗು, ಐದು, ಹದಿನೈದು, ಗುರುವಾರ, ಮೂರು ಪುಟ. ಹೇಳುತ್ತಾ ಅವಳ ದನಿ ಸಣ್ಣದಾಗುತ್ತಾ ಹೋಯಿತು. ಯಜಮಾನಮ್ಮ ನಗಲಿಲ್ಲ. ಅವಳ ಕೈಯಿಂದ ವರದಿ ತೆಗೆದುಕೊಂಡು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡರು.

ಯಜಮಾನಮ್ಮ: ಇಲ್ಲಿ ಗುರುವಾರ ಬಿಟ್ಟು ದಿನಾ ಹತ್ತರಿಂದ ಒಂದು ಗಂಟೆ ತನಕ ಸಂದೇಶ ಬಂದಿದೆ. ಎರಡರಿಂದ ಐದರ ತನಕ ಮತ್ತೆ ಬಂದಿದೆ.

ಸೊಸೆ: ಹೌದು ಅಮ್ಮಾವ್ರೆ.

ಯಜಮಾನಮ್ಮ: ಸಂದೇಶ ಬಂದಿದೆ ಅಂದ್ರೆ ಮೇಸ್ತ್ರಿಗಳು ಕೂತಿದ್ದಾರೆ.

ಮಾವ ಸೀಟಿನಿಂದ ಎದ್ದು ಅದರಿಂದ ಎರಡು ಹೆಜ್ಜೆ ದೂರ ಸರಿದರು, ಅದು ಯಾರದೋ ಎಂಬಂತೆ.

ಅತ್ತೆ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.

ಯಜಮಾನಮ್ಮ: ದಿನಕ್ಕೆ ಆರು ಗಂಟೆ, ಮೇಸ್ತ್ರಿಗಳೇ!

ಮಾವ: (ಎದೆ ಸೆಟೆಸಿ) ಅಮ್ಮಾವ್ರೆ, ನಾನು ಕೂತಿದ್ದೀನಿ ಅಂದ್ರೆ ಹನ್ನೆರಡೂ ಯಂತ್ರ ಓಡ್ತಿವೆ ಅಂತ ಅರ್ಥ. ಒಂದು ಕೆಟ್ರೆ ನನಗೆ ಕೂರೋ ಯೋಗ ಎಲ್ಲಿದೆ? ಮೇಸ್ತ್ರಿ ಓಡಾಡ್ತಿದ್ದಾನೆ ಅಂದ್ರೆ ಲಾಂಡ್ರಿಗೆ ಕೇಡುಗಾಲ. ನಿಮಗೆ ಕೂತಿರೋ ಮೇಸ್ತ್ರಿ ಬೇಕೋ, ಓಡಾಡೋ ಮೇಸ್ತ್ರಿ ಬೇಕೋ?

ಸೊಸೆ: ಒಂದು ನಿಮಿಷ. ಮಾವ, ನಿಮ್ಮ ರಿಪೇರಿ ಪುಸ್ತಕ ಕೊಡಿ.

ಅವಳು ವರದಿಯನ್ನೂ ಪುಸ್ತಕವನ್ನೂ ಏಳನೇ ನಂಬರಿನ ಬಾಗಿಲಿನ ಮೇಲೆ ಅಕ್ಕಪಕ್ಕ ಹಿಡಿದಳು. ಎರಡು ಬೆರಳು ಎರಡು ಕಾಗದದ ಮೇಲೂ ಜೊತೆಯಾಗಿ ಇಳಿದವು.

ಸೊಸೆ: ಮೂರನೇ ತಾರೀಕು ಹನ್ನೊಂದೂ ಇಪ್ಪತ್ತರಿಂದ ಡಬ್ಬಿ ಸುಮ್ಮನಿದೆ. ಪುಸ್ತಕದಲ್ಲಿ ಎರಡನೇ ನಂಬರಿನ ಬೆಲ್ಟು ಹರಿದಿದ್ದು, ಹನ್ನೊಂದೂ ಇಪ್ಪತ್ತು. ಒಂಬತ್ತನೇ ತಾರೀಕು ಮಧ್ಯಾಹ್ನವಿಡೀ ಸುಮ್ಮನಿದೆ. ಪುಸ್ತಕದಲ್ಲಿ ಹಬೆ ಪೈಪು ಸೋರಿದ್ದು. ಹದಿನಾಲ್ಕನೇ ತಾರೀಕು ನಲವತ್ತು ನಿಮಿಷ ಸುಮ್ಮನಿದೆ... ಇದು ಪುಸ್ತಕದಲ್ಲಿಲ್ಲ.

ಅತ್ತೆ: ಅವತ್ತು ನನ್ನ ಹತ್ರ ಜಗಳ ಆಡೋಕೆ ಬಂದಿದ್ರು. ನಲವತ್ತು ನಿಮಿಷ, ಸರಿಯಾಗಿದೆ.

ಯಜಮಾನಮ್ಮ: ಹಾಗಾದ್ರೆ ಈ ಡಬ್ಬಿ ಒಂದು ಯಂತ್ರದ್ದಲ್ಲ, ಹನ್ನೆರಡರದ್ದೂ ಸುದ್ದಿ ಹೇಳಿದೆ.

ಸೊಸೆ: ಹೇಳಿದೆ, ಆದ್ರೆ ತಲೆಕೆಳಗಾಗಿ. ಮತ್ತೆ ಗುರುವಾರ ಹೇಳಲ್ಲ. ಯಾವ ಯಂತ್ರ ಅಂತಲೂ ಹೇಳಲ್ಲ. ಅಮ್ಮಾವ್ರೆ, ಇದನ್ನ ನೀವು ಒಪ್ಪಿಕೊಳ್ಳಬಾರದು. ನಾನೇ ಒಪ್ಪಲ್ಲ.

ಯಜಮಾನಮ್ಮ ಬಗ್ಗಿ ಡಬ್ಬಿಯನ್ನು ಚೌಕಟ್ಟಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡರು. ಅದರ ಮೇಲೆಲ್ಲ ಹಬೆಯ ಹನಿ, ಸೋಪಿನ ಬಿಳಿ ಕಲೆ.

ಯಜಮಾನಮ್ಮ: ಈ ನೀರು, ಹಬೆ, ಸೋಪಿನಲ್ಲಿ ಇಪ್ಪತ್ತು ದಿನ ಬ್ಯಾಟರಿ ಇಲ್ಲದೆ ಬದುಕಿದೆಯಲ್ಲ?

ಸೊಸೆ: ಬದುಕಿದೆ.

ಯಜಮಾನಮ್ಮ: ಒಬ್ಬ ಮನುಷ್ಯನ ಮಂಡಿಯಷ್ಟು ನಡುಕ ಸಾಕಾಯ್ತಲ್ಲ ಅದಕ್ಕೆ? ಬಟ್ಟೆ ತುಂಬಿದ ಯಂತ್ರ ಅದಕ್ಕಿಂತ ಜಾಸ್ತಿ ನಡುಗಲ್ವಾ?

ಮಾವ: ನಾನು ರಿಪೇರಿ ಮಾಡಿದ ಮೇಲೆ ಒಂಚೂರೂ...

ಸೊಸೆ: ನಡುಗುತ್ತೆ ಅಮ್ಮಾವ್ರೆ. ಮಾವ ನಾಣ್ಯ ನಿಲ್ಲಿಸಿದ್ದು ಖಾಲಿ ಡ್ರಮ್ಮು ತಿರುಗ್ತಿದ್ದಾಗ. ಒದ್ದೆ ಬಟ್ಟೆ ಯಾವತ್ತೂ ಸಮವಾಗಿ ಹರಡಿಕೊಳ್ಳಲ್ಲ. ಪಟ್ಟಿಯನ್ನ ಹದಿನೈದಕ್ಕೆ ಹದ ಮಾಡಿದ್ರೆ, ಎಂಥ ಒಳ್ಳೇ ಯಂತ್ರವೂ ಅದಕ್ಕೆ ಹೊಟ್ಟೆಗೆ ಹಾಕುತ್ತೆ. ಕೆಡುತ್ತಾ ಹೋದ ಹಾಗೆ ಜಾಸ್ತಿ ಹಾಕುತ್ತೆ.

ಯಜಮಾನಮ್ಮ: ಹಾಗಾದ್ರೆ ಹನ್ನೆರಡು ಬೇಡ. ಮೊದಲು ಮೂರಕ್ಕೆ ಮಾಡಿ, ಇನ್ನೂ ಮೂರು ವಾರ ನೋಡೋಣ. ನಿಮ್ಮ ಸಾಹೇಬ್ರಿಗೆ ನಾನೇ ಹೇಳ್ತೀನಿ. ಒಂದು ಷರತ್ತು, ಅಳೆಯುವಾಗ ಮೇಸ್ತ್ರಿಗಳು ರಸ್ತೆ ಆಚೆ ನಿಂತಿರ್ಬೇಕು.

ಅತ್ತೆ ಸೊಸೆಯ ಬೆನ್ನ ಮೇಲೆ ಒಂದು ಏಟು ಕೊಟ್ಟರು. ಇಸ್ತ್ರಿ ಹಿಡಿದ ಕೈ, ಸಂತೋಷಕ್ಕೆ ಕೊಟ್ಟರೂ ಭಾರವೇ.

ಸೊಸೆ: ಈ ಡಬ್ಬಿ ತಗೊಂಡು ಹೋಗ್ತೀನಿ ಅಮ್ಮಾವ್ರೆ. ಪಟ್ಟಿ ಬದಲಾಯಿಸಬೇಕು.

ಯಜಮಾನಮ್ಮ: ಅದನ್ನ ಮುಟ್ಟಬೇಡಿ. ಅದು ಇಲ್ಲೇ ಇರ್ಲಿ. ಸಂದೇಶ ನನ್ನ ಫೋನಿಗೂ ಬರೋ ಹಾಗೆ ಮಾಡಿ.

ಅವರೇ ಡಬ್ಬಿಯನ್ನು ಇದ್ದ ಜಾಗಕ್ಕೆ ಟಕ್ಕನೆ ಅಂಟಿಸಿದರು.

ಯಜಮಾನಮ್ಮ: ಮೇಸ್ತ್ರಿಗಳೇ, ಇನ್ಮೇಲೆ ನೀವು ಆರಾಮಾಗಿ ಕೂತ್ಕೊಳ್ಳಿ. ಟಿಂಗ್ ಅಂತಿದ್ರೆ ನಾನು ನೆಮ್ಮದಿಯಾಗಿರ್ತೀನಿ. ನಿಂತ್ಹೋದ್ರೆ ಓಡಿ ಬರ್ತೀನಿ. ಈಗ ಆ ಸಾಲು ಶುರು ಮಾಡಿ.

ಅವರು ಹೋದ ಮೇಲೆ ಮಾವ ಒಂದೊಂದೇ ಗುಂಡಿ ಒತ್ತಿದರು. ಯಂತ್ರಗಳು ಒಂದರ ಹಿಂದೊಂದು ಉಸಿರೆಳೆದುಕೊಂಡು ತಿರುಗತೊಡಗಿದವು. ಎಂಟನೆಯದರ ಅಡಿಯಿಂದ ನಾಣ್ಯ ಹೆಕ್ಕಿ ಒರೆಸಿ ಜೇಬಿಗಿಳಿಸಿ, ಸಿಂಹಾಸನ ಏರುವವರ ಹಾಗೆ ಬಂದು ಟ್ರಾಕ್ಟರ್ ಸೀಟಿನ ಮೇಲೆ ಕೂತರು.

ಟಿಂಗ್.

ಮಾವ: ಕೇಳಿದ್ಯೇನೇ? ಮೂವತ್ತೈದು ವರ್ಷ ಬೈದೆ. ಇವತ್ತಿಂದ ಕಾಲು ಅಲ್ಲಾಡಿಸೋದು ನನ್ನ ಡ್ಯೂಟಿ!

ಅತ್ತೆ: (ಬಾಗಿಲ ಹತ್ತಿರ ತಿರುಗಿ ನಿಂತು) ಸಂತೋಷ. ಡ್ಯೂಟಿ ಇಲ್ಲೇ ಮುಗಿಸ್ಕೊಂಡು ಬನ್ನಿ. ಮನೆಗೆ ತರಬೇಡಿ.